ಜಾರಿದ ಕುಣಿಕೆ

ಮೀಟರಿನಲ್ಲಿ ನಲವತ್ತು ಪೆನ್ಸಿನಷ್ಟು ಗ್ಯಾಸು ಉಳಿದಿದೆ.
ಲೆಸ್ಟರಿನಲ್ಲಿ, ನಾರ್ಬರಾ ರಸ್ತೆಯ ಹಿಂದಿನ ಈ ಸಾಲುಮನೆಯಲ್ಲಿ
ಜನವರಿ ಬಂದರೆ ಗೋಡೆ ಬೆವರುತ್ತದೆ, ನಾವು ನಡುಗುತ್ತೇವೆ.
ಅಡುಗೆಮನೆಯ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪು,
ಅದರೊಳಗೆ ಐದು ಕೋಟಿ ಡಿಗ್ರಿಯ ಅನಿಲ.

"ಅಷ್ಟು ಬಿಸಿಯೇ? ಸ್ವಲ್ಪ ಇತ್ತ ಕಳಿಸು" ಅಂತಾರೆ
ಮನೆಯೊಡತಿ ಎನಿಡ್ ಪೊಚಿನ್. ವಯಸ್ಸು ಎಂಬತ್ತೊಂದು,
ಕಾಲಿಗೆ ಎರಡು ಜೊತೆ ಕಾಲುಚೀಲ.

ಕಳಿಸಿದರೂ ಬೆಚ್ಚಗಾಗದು, ಎನಿಡ್.
ಗೆಲಾಕ್ಸಿ ಗೆಲಾಕ್ಸಿಗಳ ನಡುವೆ ಅದು ಎಷ್ಟು ತೆಳುವೆಂದರೆ
ನಿಮ್ಮ ಹಾಲಿನ ಬಾಟಲಿ ತುಂಬ ಹಿಡಿದು ತಂದರೂ
ಒಳಗೆ ಒಂದೋ ಎರಡೋ ಕಣ.
ಅಷ್ಟು ಉರಿಯ ನಡುವೆ ಕೈಚಾಚಿದರೆ
ಕೈ ಹೆಪ್ಪುಗಟ್ಟುತ್ತದೆ.

"ನಮ್ಮ ಫ್ಯಾಕ್ಟರಿ ಮಾಲೀಕನೂ ಹಾಗೇ ಇದ್ದ."

ಎಕ್ಸ್‌ರೇ ಅಂದರೆ ಅವರಿಗೆ ಹೋದ ವರ್ಷ ಮುರಿದ ಮಣಿಕಟ್ಟು.
ನನಗೆ, ಎಡದಿಂದ ಬಲಕ್ಕೆ ಇಳಿಯುವ ಒಂದು ಗೆರೆ,
ಮೇಲೆ ಅಲ್ಲಲ್ಲಿ ಎದ್ದ ಮುಳ್ಳು:
ಸಿಲಿಕಾನ್, ಗಂಧಕ, ಆರ್ಗಾನ್, ಕ್ಯಾಲ್ಸಿಯಂ,
ಕೊನೆಗೆ ಕಬ್ಬಿಣ,
ಇಪ್ಪತ್ತಾರರಲ್ಲಿ ಇಪ್ಪತ್ತನಾಲ್ಕು ಎಲೆಕ್ಟ್ರಾನು ಕಳಕೊಂಡು
ಉಳಿದೆರಡನ್ನು ಅವುಚಿಕೊಂಡು ಕೂತದ್ದು.

ನಲವತ್ತು ವರ್ಷ ಹೋಸಿಯರಿ ಫ್ಯಾಕ್ಟರಿಯಲ್ಲಿ
ಗಾಜಿನ ಕಾಲಿಗೆ ಸ್ಟಾಕಿಂಗ್ ತೊಡಿಸಿ, ಒಳಗೆ ದೀಪ ಹಚ್ಚಿ
ದೋಷ ಹುಡುಕಿದವರು ಎನಿಡ್.
ದಿನಕ್ಕೆ ಎಂಟುನೂರು ಸಲ ಅದೇ ಕಾಲು, ಒಂದು ಹೆಜ್ಜೆ ನಡೆಯಲಿಲ್ಲ.
ಕನ್ನಡಕ ಏರಿಸಿ, ಪರದೆಗೆ ಬೆರಳು ತಾಗಿಸಿ,
"ಇಲ್ಲಿ ಕುಣಿಕೆ ಜಾರಿದೆ, ಬಾತುಕೋಳೀ."
ಈ ಊರಲ್ಲಿ ಬಸ್ ಡ್ರೈವರನ್ನೂ ಹಾಗೇ ಕರೆಯುತ್ತಾರೆ.

ಎರಡು ಕಿಲೋ ಎಲೆಕ್ಟ್ರಾನ್‌ವೋಲ್ಟಿನ ತುಸು ಆಚೆ
ಮೂರು ವಾರ ನಾನು ನೋಡಿಯೂ ನೋಡದ ಒಂದು ತಗ್ಗು.

ಎದೆ ಹಾರಿತು. ಹೊಸದೇ? ಯಾರೂ ಹೆಸರಿಡದ್ದೇ?
ನಿದ್ದೆ ಬರುವ ಮೊದಲು ಪೇಪರಿನ ಶೀರ್ಷಿಕೆ ಬಂದಿತ್ತು.
ಬೆಳಗ್ಗೆ ಲ್ಯಾಬಿನಲ್ಲಿ ಹಳೇ ಫೈಲು ಬಿಚ್ಚಿದರೆ
ತಗ್ಗು ಆಕಾಶದ್ದಲ್ಲ, ನಮ್ಮದೇ ಕನ್ನಡಿಯದು:
ಅದಕ್ಕೆ ಬಳಿದ ಚಿನ್ನ
ಆ ಒಂದು ಜಾಗದಲ್ಲಿ ಬಂದ ಬೆಳಕನ್ನು ಒಂದಿಷ್ಟು ತಾನೇ ಇಟ್ಟುಕೊಳ್ಳುತ್ತದೆ.
ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅನ್ನುತ್ತೇವೆ.
ಇಲ್ಲಿ ಚಿನ್ನವೇ ಅಕ್ಕಸಾಲಿ.

ತಿದ್ದಿದೆ. ತಗ್ಗು ಮುಚ್ಚಿತು.
ಉಷ್ಣತೆ ನೂರಕ್ಕೆ ಮೂರರಷ್ಟು ಇಳಿಯಿತು,
ಅಂದರೆ ಹದಿನೈದು ಲಕ್ಷ ಡಿಗ್ರಿ,
ಒಬ್ಬ ಮುದುಕಿಯ ಬೆರಳಿನಿಂದ.

ಸಂಜೆ ಹೇಳಿದೆ. ಅವರಿಗೇನೂ ಆಶ್ಚರ್ಯವಾಗಲಿಲ್ಲ.
"ಹತ್ತಕ್ಕೆ ಒಂಬತ್ತು ಸಲ ತಪ್ಪು ನೂಲಿನದಲ್ಲ, ಸೂಜಿಯದು"
ಎನ್ನುತ್ತ ಮೀಟರಿಗೆ ಕಾರ್ಡು ತುರುಕಿದರು.
ಬಾಯ್ಲರು ಕೆಮ್ಮಿತು, ನೀಲಿಯಾಗಿ ಹತ್ತಿಕೊಂಡಿತು.

ಪರದೆಯಲ್ಲಿ ಕಬ್ಬಿಣದ ಗೆರೆ
ನಾನೆಣಿಸಿದ್ದಕ್ಕಿಂತ ಇನ್ನೂ ಕಿರಿದು.
ಅಷ್ಟು ಬಿಸಿಯಲ್ಲಿ ಅದೇಕೆ ಅಷ್ಟು ಸುಮ್ಮನಿದೆ?
ಈ ಸಲ ಮೊದಲು ಸೂಜಿ ನೋಡಬೇಕು.
ಆಮೇಲೆ ಎನಿಡ್‌ಗೆ ತೋರಿಸಬೇಕು.