ಎರಡೂವರೆ ಕ್ರೆಡಿಟ್ಟು

ಮಾಪುಸಾದ ಶುಕ್ರವಾರದ ಸಂತೆಗೆ ಬೆನ್ನು ಹಾಕಿ
ನಮ್ಮ ಎರಡು ವರುಷದ ಕಾಲೇಜು. ಮಹಡಿಯ ಮೇಲೆ.
ಕೆಳಗೆ ಒಣಸಿಗಡಿ, ಕೋಕಂ, ಚೋರಿಸ್ ಮಾಲೆ,
ಮೇಲೆ ಕಿರ್ದಿ, ಖಾತೆ, ಜಮಾ, ಖರ್ಚು.
ವಾಸನೆಗೆ ಮೆಟ್ಟಿಲು ಗೊತ್ತು.
ಪರೀಕ್ಷೆಯ ದಿನವೂ ಬಂದು
ಮೊದಲ ಬೆಂಚಿನಲ್ಲಿ ಕೂರುತ್ತದೆ.

ಈ ಬೇಸಿಗೆ ಪೂರ್ತಿ ಒಂದು ಕೋರ್ಸು ಬರೆದೆ:
ವ್ಯವಹಾರ ಗಣಿತ. ನಾಲ್ಕು ಕ್ರೆಡಿಟ್ಟು, ಅರವತ್ತು ತಾಸು.
ಇಲ್ಲಿ ಓದಿ ಮುಗಿಸಿದವರು
ಗುಡ್ಡದ ಮೇಲಿನ ವಿಶ್ವವಿದ್ಯಾಲಯದ
ಮೂರನೆಯ ವರುಷಕ್ಕೆ ನೇರ ಹತ್ತಬೇಕು,
ನಡುವೆ ಇಳಿದು ಇನ್ನೊಮ್ಮೆ ಟಿಕೆಟ್ಟು ಕೊಳ್ಳದೆ.
ಅಷ್ಟೇ ಆಸೆ.

ಘಟಕ ಮೂರು ನನ್ನದಲ್ಲ, ಕಸ್ತೂರಿ ಲಮಾಣಿಯದು.
ಗದಗಿನ ಕಡೆಯ ತಾಂಡಾದವಳು,
ಹತ್ತು ವರುಷ ಬಾಗಾದ ಮರಳಲ್ಲಿ
ಮಣಿಸರ, ಕಾಲಸರ ಮಾರಿದವಳು.
ರೂಬಲ್ಲು, ಪೌಂಡು, ಶೆಕೆಲ್ಲು, ಯಾವುದೇ ಬರಲಿ
ಕಣ್ಣು ಕಿರಿದು ಮಾಡಿ ದೂರ ನೋಡುತ್ತಾಳೆ,
ತನ್ನ ಗೋರ್ ಮಾತಿನಲ್ಲಿ ಎಣಿಸಿ ಕನ್ನಡದಲ್ಲಿ ಉತ್ತರ.
ನಾನು ಕ್ಯಾಲ್ಕ್ಯುಲೇಟರ್ ಹುಡುಕುವ ಹೊತ್ತಿಗೆ
ಕಮಿಷನ್ನೂ ಕಳೆದಿರುತ್ತಾಳೆ.

"ಅಂಗಡ್ಯಾಂವ ಬೋರ್ಡ್ ಮ್ಯಾಲ ಒಂದ ದರಾ ಬರದಿರ್ತಾನ್ರೀ ಮೇಡಂ,
ಕೈಯಾಗ ಬರೂದು ಇನ್ನೊಂದ.
ನಡುವಿಂದು ಎಲ್ಲಿ ಹೋತು, ಅದನ್ನ ಕೇಳಬೇಕು."
ಬರೆದುಕೊಂಡೆ.
ಫಲಿತಾಂಶದ ಕಾಲಮ್ಮಿನಲ್ಲಿ
ಅದಕ್ಕೊಂದು ಗಂಭೀರ ಹೆಸರಿಟ್ಟೆ.

ಜೂನ್ ಹದಿನೇಳು. ಸಮಾನತಾ ಸಮಿತಿ.
ಹೆಸರು ಓದಿ ಮೊದಲು ಹಿಗ್ಗಿದ್ದೆ.
ಸಮಾನತೆ ಎಂದರೆ ಅಲ್ಲಿ ತಾಳೆ ನೋಡುವುದು.
ಡಾಕ್ಟರ್ ಫುರ್ತಾದೋ ಒಳ್ಳೆಯವರೇ, ನೀರು ತರಿಸಿದರು.
ತಮ್ಮ ಪಠ್ಯದ ಪಕ್ಕ ನನ್ನ ಪಠ್ಯವಿಟ್ಟು
ಸ್ಕೇಲು ಹಿಡಿದು ಸಾಲು ಸಾಲು ಇಳಿದರು.
"ಕಲನಶಾಸ್ತ್ರ ಇಲ್ಲ ನಿಮ್ಮಲ್ಲಿ."
ನಿಜ, ಇರಲಿಲ್ಲ.
"ಘಟಕ ಮೂರಕ್ಕೆ ಆಧಾರಗ್ರಂಥ?"
ಆಧಾರಗ್ರಂಥ
ಕೆಳಗೆ ಬಸ್‌ಸ್ಟಾಪಿನಲ್ಲಿ ಕೂತು
ಎಳನೀರು ಕುಡಿಯುತ್ತಿತ್ತು.
"ಆಗಲಿ, ಎರಡೂವರೆ ಕೊಡೋಣ."
ಬಂಗಡೆಗೂ ಇಷ್ಟು ಬೇಗ ಚೌಕಾಸಿ ಬಿಟ್ಟವಳಲ್ಲ ನಾನು.
ಥ್ಯಾಂಕ್ಸ್ ಅಂದೆ.

"ಎಷ್ಟಕ್ಕ ಮುಗೀತ್ರೀ?"
ಹೇಳಿದೆ.
ಹೆಬ್ಬೆರಳು ಗೆಣ್ಣುಗಳ ಮೇಲೆ ಓಡಿತು.
"ಅರವತ್ತು ತಾಸಿಗೆ ಮೂವತ್ತೇಳೂವರಿ.
ಉಳದ ಇಪ್ಪತ್ತೆರಡೂವರಿ ತಾಸು
ನಾ ಕೂಸಿನ್ನ ಮಂದಿ ಮನ್ಯಾಗ ಬಿಟ್ಟು ಬಂದಿದ್ನಲ್ಲ,
ಅದು ಯಾರ ಖಾತೇಕ ಜಮಾ ಆತು?"

ಕದಂಬ ಬಸ್ಸು. ಚಿಲ್ಲರೆ ಇಲ್ಲ ಎಂದ ಕಂಡಕ್ಟರು
ಟಿಕೆಟ್ಟಿನ ಹಿಂದೆ ಗೀಚಿ ಕೊಟ್ಟ: ಎಂಟು ರೂಪಾಯಿ.
ನಾನಾದರೆ ಮರೆತು ಇಳಿಯುತ್ತಿದ್ದೆ,
ಎಷ್ಟು ಸಲ ಮರೆತಿಲ್ಲ.
ಕಸ್ತೂರಿ ಅದನ್ನು ಬಳೆಯ ಸಂದಿಗೆ ಸಿಕ್ಕಿಸಿ
ಮಾಪುಸಾದವರೆಗೂ ಅದರ ಮೇಲೊಂದು ಕೈ ಇಟ್ಟೇ ಕೂತಳು.
ಇಳಿಯುವ ಮೊದಲು ಕೇಳಿದಳು.
ಕೊಟ್ಟ.

ಆ ರಾತ್ರಿ ಕಡತ ಬಿಚ್ಚಿದೆ.
ಕಲನಶಾಸ್ತ್ರಕ್ಕೆ ಹತ್ತು ತಾಸು ಜಾಗ ಮಾಡಿದೆ,
ಅದು ಅವರು ಹೇಳಿದ್ದು ಸರಿ.
ಆಧಾರಗ್ರಂಥದ ಖಾಲಿ ಸಾಲಿನಲ್ಲಿ ಬರೆದೆ:
ಲಮಾಣಿ, ಕಸ್ತೂರಿ. ಮೌಖಿಕ. ಬಾಗಾ ತೀರ.
ಪುಟಸಂಖ್ಯೆ ಕೇಳಿದರೆ ನೋಡೋಣ.
ಜೊತೆಗೊಂದು ಪತ್ರ:
ಮಾನ್ಯರೆ, ಒಂದೂವರೆ ಬಾಕಿ ಇದೆ.

ಮುಂದಿನ ಸಭೆ ಆಗಸ್ಟಿನಲ್ಲಂತೆ. ಇಲ್ಲವೇ ಗಣಪತಿ ಹಬ್ಬ ಕಳೆದ ಮೇಲೆ.
ಅಲ್ಲಿಯವರೆಗೆ ಸಂಜೆ ಐದಕ್ಕೆ
ಬೋರ್ಡಿನ ಮೇಲೆ ಒಂದು ವಕ್ರರೇಖೆ ಎಳೆದು
ಮೀನಿನ ವಾಸನೆಯ ಎದುರು ವಿವರಿಸುತ್ತೇನೆ:
ದರವೇ ಬದಲಾಗುತ್ತದಲ್ಲ,
ಆ ಬದಲಾವಣೆಗೂ ಒಂದು ದರ ಇದೆ.
ಹಿಂದಿನ ಬೆಂಚಿನಿಂದ ಕಸ್ತೂರಿ:
"ಇಷ್ಟನ? ಇದನ್ನ ನಾ ದಿನಾ ನೋಡೀನ್ರೀ.
ಹೆಸರ ಗೊತ್ತಿರಲಿಲ್ಲ ಅಷ್ಟ."