ತಿಪ್ಪೆಯ ಜ್ವರ

ಈ ತಿಪ್ಪೆಯ ವಿರುದ್ಧ ದೂರು ಬರೆದವನು ನಾನು.
ಮೊದಲೇ ಹೇಳಿಬಿಡುತ್ತೇನೆ,
ಆಮೇಲೆ ಯಾರೂ ಎತ್ತಿ ಆಡಬಾರದು.

ರಿಗಾದ ತುದಿ, ಬೋಲ್ದೆರಾಯ. ನದಿ ಕಡಲಿಗೆ ಸೇರುವ ಕಡೆ
ಐದಂತಸ್ತಿನ ನಮ್ಮ ಇಟ್ಟಿಗೆ ಕಟ್ಟಡ.
ಹಿತ್ತಲಲ್ಲಿ ಕಲ್ಲಿದ್ದಲ ಶೆಡ್ಡು ಕುಸಿದ ಜಾಗ;
ಎರಡು ಕಾರು ನಿಲ್ಲಿಸಬಹುದಿತ್ತು.
ಒಂದು ನನ್ನದು.

ಅಲ್ಲಿ ಮೂರು ಹಲಗೆಪೆಟ್ಟಿಗೆ ಜೋಡಿಸಿದಳು
ಮೂರನೇ ಮಹಡಿಯ ಸ್ಕೈದ್ರಿತೆ,
ನಲವತ್ತು ವರ್ಷ ನರ್ಸಾಗಿದ್ದವಳು.
ಮೆಟ್ಟಿಲ ಬುಡದಲ್ಲಿ ಎರಡು ಭಾಷೆಯ ಚೀಟಿ:
ಆಲೂ ಸಿಪ್ಪೆ, ಚಹಾದ ಚರಟ, ಮೊಟ್ಟೆ ಓಡು ಹಾಕಿ.
ಮಾಂಸ ಬೇಡ. ರಿಮ್ಮಾ, ಮೀನಿನ ತಲೆಯೂ ಬೇಡ.
ರಿಮ್ಮಾ ಕೆಂಪು ಪೆನ್ನು ತಂದು
ರಷ್ಯನ್ನಿನ ಕಾಗುಣಿತ ತಿದ್ದಿದಳು.
ಮೀನಿನ ಬಗ್ಗೆ ಏನೂ ಹೇಳಲಿಲ್ಲ.

ನಾನು ಬರೆದೆ: ವಾಸನೆ, ಇಲಿ, ನೊಣ, ಮನೆಗಳ ಬೆಲೆ.
ಏಳು ಸಹಿ. ನಾಲ್ಕನೆಯದು ಹೆಂಡತಿ ವೆಲ್ತಾಳದು,
ಅವಳನ್ನು ಕೇಳದೆ ನಾನೇ ಹಾಕಿದ್ದು.
ಪುರಸಭೆಯಿಂದ ಎರಡು ಪುಟ ಉತ್ತರ ಬಂತು,
ಪರಿಶೀಲನೆ, ಪರಾಮರ್ಶೆ, ಯಥಾಕಾಲದಲ್ಲಿ.
ತಿಪ್ಪೆ ಸಾರಿಸುವುದನ್ನು ಅವರಿಂದ ಕಲಿಯಬೇಕು.
ತಿಪ್ಪೆ ತಿರುವುವುದನ್ನು ಯಾರಿಂದ ಎಂದು
ಆಗ ಗೊತ್ತಿರಲಿಲ್ಲ.

ಜನವರಿ. ಮೈನಸ್ ಹದಿನೇಳು.
ನಸುಕಿನ ನಾಲ್ಕಕ್ಕೆ ನನ್ನ ಬಸ್ಸಿನ ಪಾಳಿ.
ಹಿತ್ತಲ ದೀಪದ ಕೆಳಗೆ ಹೊಗೆ!
ಬೆಂಕಿ ಬಿತ್ತೆಂದು ಓಡಿದೆ,
ಎಲ್ಲೋ ಮೂಲೆಯಲ್ಲಿ ತುಸು ಖುಷಿಯಿಂದಲೇ ಓಡಿದೆ.

ಬೆಂಕಿಯಲ್ಲ, ಹಬೆ.
ನದಿಯೇ ಬಾಯಿ ಮುಚ್ಚಿಕೊಂಡಿದ್ದ ಆ ಚಳಿಯಲ್ಲಿ
ನಾವು ಬಿಸುಟ ಸಿಪ್ಪೆಗಳ ಗುಡ್ಡೆ
ಉಸಿರಾಡುತ್ತಿತ್ತು.
ಪಕ್ಕದಲ್ಲಿ, ತೀರಿಹೋದ ಗಂಡನ ಕೋಟು ಹೊದ್ದು, ಸ್ಕೈದ್ರಿತೆ.
ಗುಡ್ಡೆಗೆ ಮೊಳದುದ್ದದ ಥರ್ಮಾಮೀಟರು ಚುಚ್ಚಿ
ರೋಗಿಯ ಮಂಚದ ಕಾಲಿಗೆ ತೂಗುವಂಥ ಹಲಗೆಯಲ್ಲಿ
ಬರೆದುಕೊಳ್ಳುತ್ತಿದ್ದಳು.
"ಐವತ್ತೆಂಟು. ಜ್ವರ ಚೆನ್ನಾಗಿ ಏರಿದೆ.
ನಲವತ್ತು ವರ್ಷ ಇಳಿಸಿದ್ದೇ ಇಳಿಸಿದ್ದು.
ಇದೊಂದನ್ನು ಏರಿಸುತ್ತಿದ್ದೇನೆ.
ಕೈಗವಸು ತೆಗಿ, ಒಳಗಿಡು."

ಇಟ್ಟೆ.
ಆಗತಾನೆ ಯಾರೋ ಎದ್ದುಹೋದ
ಹಾಸಿಗೆಯ ಬಿಸುಪು.

"ತಿರುವಬೇಕು, ನನ್ನ ಭುಜ ಸೋತಿದೆ.
ಶನಿವಾರಕ್ಕೆ ನಾಲ್ವರು ಬೇಕು. ಮೂವರಿದ್ದಾರೆ."
ಬಸ್ಸಿಗೆ ಹೊತ್ತಾಯಿತು ಎಂದೆ.

ಶನಿವಾರ ಸುಮ್ಮನೆ ನೋಡಲು ಹೋದೆ.
ಕೈಗೊಂದು ಕವೆಗೋಲು ಬಂತು.
ಎದುರಿಗೆ ವಿಸ್ವಾಲ್ದಿಸ್. ಒಂದು ಸೋರುವ ಪೈಪಿನ ಸಲುವಾಗಿ
ಇಪ್ಪತ್ತು ವರ್ಷ ನನ್ನೊಡನೆ ಮಾತು ಬಿಟ್ಟವನು.
"ಎಡಕ್ಕೆ," ಅಂದ. ಎಡಕ್ಕೆ ಎತ್ತಿ ಹಾಕಿದೆ.
ಓಯಾರ್ಸ್ ಹುಡುಗ ಕಿವಿಯಲ್ಲಿ ಹಾಡು ಸಿಕ್ಕಿಸಿಕೊಂಡು
ತಾಳಕ್ಕೆ ತಕ್ಕಂತೆ ಎತ್ತುತ್ತಿದ್ದ.
ನಡುವಿನ ಪದರದಲ್ಲಿ ಒಂದು ಮೀನಿನ ಬುರುಡೆ.
ಎಲ್ಲರೂ ರಿಮ್ಮಾಳನ್ನು ನೋಡಿದೆವು.
ರಿಮ್ಮಾ ಆಕಾಶ ನೋಡಿದಳು.

ಅದರಡಿಯಲ್ಲಿ ಬೀಟ್ರೂಟ್ ಸಿಪ್ಪೆ, ಕಂತೆ ಕಂತೆ.
ಅಷ್ಟು ದಪ್ಪಗೆ ಹೆರೆಯುವವಳು
ಇಡೀ ಕಟ್ಟಡಕ್ಕೆ ಒಬ್ಬಳೇ.
ನಾನು ಸಹಿ ಹಾಕಿಕೊಟ್ಟ ದಿನದಿಂದಲೂ
ಸೆರಗಿಲ್ಲದ ಈ ಊರಲ್ಲಿ ಸೆರಗಿನಡಿ ಮುಚ್ಚಿಟ್ಟಂತೆ
ಹೊತ್ತು ತಂದಿದ್ದಳು ವೆಲ್ತಾ.
ಮನೆಗೆ ಹೋಗಿ ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.
ಸಾರು ಮಾತ್ರ ಆ ರಾತ್ರಿ ಕೆಂಪಗೆ ಚೆನ್ನಾಗಿತ್ತು.

ಏಪ್ರಿಲಿಗೆ ಕರಿಮಣ್ಣು ಬಂತು, ಮನೆಗೊಂದು ಬಕೆಟ್ಟು.
ಜೂನಿಗೆ ನೊಣವೂ ಬಂದವು, ಸುಳ್ಳಲ್ಲ.
ದೂರಿನಲ್ಲಿ ಅದೊಂದಾದರೂ ಸರಿಯಿತ್ತೆಂದು
ಕವೆಗೋಲಿನ ಹಿಡಿಗೆ ಗಲ್ಲವೂರಿ
ಶನಿವಾರ ಶನಿವಾರ ಈಗಲೂ ವಾದಿಸುತ್ತೇನೆ.
ಕಾರು ರಸ್ತೆಯಲ್ಲೇ ನಿಲ್ಲುತ್ತದೆ. ಕನ್ನಡಿ ಎರಡು ಸಲ ಮುರಿಯಿತು.

ಈ ವಾರ ಸ್ಕೈದ್ರಿತೆ ಭುಜದ ಆಪರೇಷನ್ನಿಗೆ ಹೋಗಿದ್ದಾಳೆ.
ಹಲಗೆ ನನ್ನ ಬಳಿ.
ಇಂದು ಬೆಳಗ್ಗೆ ನೋಡಿದರೆ ಎದೆ ಧಸಕ್ಕೆಂದಿತು.
ವಾರ್ಡಿಗೆ ಫೋನು ಹಚ್ಚಿ
"ಅವಳಿಗೆ ಹೇಳಿ, ನಲವತ್ತೊಂದಿದೆ, ಏನು ಮಾಡಲಿ," ಎಂದೆ.
ಎಳೆಯ ದನಿಯ ನರ್ಸು ಗಾಬರಿಯಿಂದ
"ಯಾವ ಹಾಸಿಗೆ?" ಎಂದಳು.
"ಹಿತ್ತಲಿನದು," ಎಂದೆ.