ಟೇಪಿನ ಲೆಕ್ಕ

ಟೊಲೀಡೊದಲ್ಲಿ ಮಾರ್ಚ್ ಅಂದರೆ ವಸಂತ
ಎಂದು ಕ್ಯಾಲೆಂಡರಿಗೆ ಮಾತ್ರ ಗೊತ್ತು.
ಈರಿ ಸರೋವರದ ಮೇಲೆ ಇನ್ನೂ ಹಳೆಯ ಮಂಜುಗಡ್ಡೆ,
ಕಾರು ನಿಲ್ಲಿಸುವ ಬಯಲಿನ ಮೂಲೆಯಲ್ಲಿ
ಮಸಿ ಹಿಡಿದ ಹಿಮದ ಗುಡ್ಡೆ.
ಅದರ ಪಕ್ಕ ನಿಂತ ಬೂದು ಟ್ರಕ್ಕಿನಿಂದ
ಮೊದಲು ಒಂದು ಕಾಲು ಇಳಿಯಿತು;
ಸ್ವಲ್ಪ ಯೋಚಿಸಿ, ಇನ್ನೊಂದು.

ರೂಫಸ್ ಪೆಟ್‌ವೇ. ಮೂವತ್ತಾರು.
ಒಂಬತ್ತು ಸೀಸನ್ ನಮ್ಮಲ್ಲಿ, ಆಮೇಲೆ ಎರಡು
ಹೆಚ್ಚು ಹಣ ಕೊಟ್ಟ ಬಿಸಿಲೂರಿನಲ್ಲಿ,
ಆಮೇಲೆ ಯಾರೂ ಫೋನು ಮಾಡದ ಒಂದು ಚಳಿಗಾಲ.

ಮೇಲಿನ ಕೋಣೆಯಲ್ಲಿ ಮೂರು ದಿನದಿಂದ ಇದೇ ಮಾತು.
ಲೆಕ್ಕದ ಹುಡುಗ ಪರದೆಯ ಮೇಲೆ ಗೆರೆ ತೋರಿಸುತ್ತಾನೆ:
ಇಪ್ಪತ್ತೊಂಬತ್ತಕ್ಕೆ ನೆತ್ತಿ ಮುಟ್ಟಿದ ಗೆರೆ
ಹಗ್ಗ ಹರಿದ ಕೊಡದ ಹಾಗೆ
ಬಾವಿಗೆ ಬೀಳುತ್ತದೆ.
ಡಿಫೆನ್ಸ್ ಕೋಚ್ ಮೇಜು ಗುದ್ದುತ್ತಾನೆ:
ಆನೆ ಮಲಗಿದರೂ ಕುದುರೆಯಷ್ಟು ಎತ್ತರ ಕಣಯ್ಯಾ!
ಹುಡುಗ ಕನ್ನಡಕ ಒರೆಸಿಕೊಂಡು:
ಸರಿ, ಆದರೆ ಕುದುರೆಯ ಎತ್ತರಕ್ಕೆ
ಆನೆಯ ಮೇವೇಕೆ?

ಪೆಟ್ರೋಲ್ ಬಂಕಿನವನೂ ಹೇಳುತ್ತಾನೆ, ಕ್ಯಾಂಟೀನಿನ ಬರ್ನಡೆಟ್ಟಳೂ:
ಆ ಹಿಮದ ರಾತ್ರಿ, ಒಂದೇ ಗಜ ಉಳಿದಾಗ
ನಾಲ್ಕು ಸಲ ಬಂದವರನ್ನು ನಾಲ್ಕು ಸಲವೂ
ಗೋಡೆಯಾಗಿ ತಡೆದವನಲ್ಲವೇ?
ಹೌದು. ಆ ರಾತ್ರಿಗೆ ಈಗ ಎಂಟು ವರ್ಷ.

ನನ್ನನ್ನು ಯಾರೂ ಕೇಳಲಿಲ್ಲ.
ಕಣಕಾಲಿಗೆ ಟೇಪು ಸುತ್ತುವವನನ್ನು ಯಾರು ಕೇಳುತ್ತಾರೆ?

ಅವನು ಬಂದು ಹಳೆಯ ಮೇಜಿನ ಹಳೆಯ ತುದಿಗೇ ಕೂತ.
ಪಾದ ನನ್ನ ತೊಡೆಯ ಮೇಲೆ. ತಣ್ಣಗೆ.
ಇಪ್ಪತ್ತನಾಲ್ಕರಲ್ಲಿ ಎರಡು ಕಾಲಿಗೆ
ಒಂದೂವರೆ ಸುರುಳಿ ಸಾಕಿತ್ತು;
ಇಂದು ಮೂರು ಮುಗಿದವು.
ಮೊಬೈಲ್ ಪಟ್ಟಣದಲ್ಲಿ ಲಾಂಡ್ರಿ ಇಟ್ಟಿದ್ದಾನಂತೆ,
ಹನ್ನೆರಡು ಯಂತ್ರ, ಒಳ್ಳೆ ವ್ಯಾಪಾರ.
ಮತ್ತೆ ಇಲ್ಲಿಗೆ ಯಾಕಪ್ಪಾ ಅಂದೆ.
"ಸೋಮವಾರ ಬೆಳಿಗ್ಗೆ ಎಲ್ಲೂ ನೋಯದಿದ್ದರೆ
ವಾರ ಶುರುವಾದದ್ದೇ ತಿಳಿಯಲ್ಲ, ಕ್ಯಾಜ್."

ನಾನು ಮಾತಾಡಲಿಲ್ಲ. ನನಗೆ ನೆನಪಾದದ್ದು
ಹೀಗೇ ಮರಳಿ ಕರೆಸಿದ ಇನ್ನೊಬ್ಬ,
ಮೂರನೇ ಪಂದ್ಯ, ಅವನ ಮೊಣಕಾಲು,
ಹಸಿ ಕಟ್ಟಿಗೆ ಮುರಿದ ಹಾಗೆ ಆ ಸದ್ದು.
ಅಂಚಿನಲ್ಲಿ ನಿಂತಿದ್ದ ನನ್ನ ಕೈಗೂ ಕೇಳಿಸಿತ್ತು.

ಮೈದಾನದಲ್ಲಿ, ಐವತ್ತನಾಲ್ಕನೇ ನಂಬರಿನಲ್ಲಿ
(ಅದು ರೂಫಸನ ನಂಬರು)
ಜಬಾರಿ ಕ್ರೂಮ್, ಇಪ್ಪತ್ತೆರಡು, ಬಾಣ.
ಚೆಂಡು ಇನ್ನೂ ನೆಲ ಬಿಟ್ಟಿರಲಿಲ್ಲ.
"ಎಡಕ್ಕೆ!" ರೂಫಸ್ ಕೂಗಿದ.
ಹುಡುಗ ಎಡಕ್ಕೆ ನುಗ್ಗಿ
ಓಡುತ್ತಿದ್ದವನನ್ನು ಮಗುವಿನಂತೆ ಮಲಗಿಸಿದ.
ಕೂಗಿದವನು ಆ ಜಾಗ ಮುಟ್ಟಿದ್ದು
ಎಲ್ಲ ಮುಗಿದ ಮೇಲೆ.

ಕಣ್ಣು ಮೊದಲೇ ಹೋಗಿ ಕೂತಿದೆ,
ಕಾಲು ಇನ್ನೂ ದಾರಿಯಲ್ಲಿದೆ.

"ನಿಂಗೆ ಹೇಗೆ ಗೊತ್ತಾಯ್ತು?"
"ಎದುರಿನ ಗಾರ್ಡ್‌ನ ಕೈ ನೋಡು, ಮುಖ ಅಲ್ಲ.
ನೆಲಕ್ಕೆ ಊರಿದ ಬೆರಳಿನ ಗೆಣ್ಣು ಬೆಳ್ಳಗಾದರೆ ಓಟ.
ಹಗುರಾಗಿದ್ದರೆ ಪಾಸ್.
ಮುಖಕ್ಕೆ ಸುಳ್ಳು ಹೇಳೋದು ಕಲಿಸಬಹುದು,
ಬೆರಳಿಗೆ ಆಗಲ್ಲ."
ಹುಡುಗ ತನ್ನ ಬೆರಳನ್ನೇ ನೋಡಿಕೊಂಡ.

ಇದಕ್ಕೆ ಯಾವ ಪರದೆಯ ಮೇಲೆ ಗೆರೆ ಇದೆ?
ಕೋಚ್ ಮಾಡಿ ಎಂದರೆ ಅವನು ಒಪ್ಪುವುದಿಲ್ಲ.
ಆಟಗಾರ ಮಾಡಿ ಎಂದು ಹೇಳಲು
ನನಗೆ ಬಾಯಿ ಬರುವುದಿಲ್ಲ.
ಬೇಡ ಎನ್ನಲೂ.

ಸಂಜೆ ಮ್ಯಾನೇಜರ್ ಆಸ್ಟ್ರಾಂಡರ್ ಮೇಡಂ ಕೆಳಗಿಳಿದು ಬಂದರು,
ಎಷ್ಟೋ ವರ್ಷಕ್ಕೆ ಮೊದಲ ಸಲ.
ಗೋಡೆಯಾಚೆ ಷವರಿನಲ್ಲಿ ಅವನ ಸಿಳ್ಳೆ.
"ಕ್ಯಾಜ್, ನೀನು ಮುಟ್ಟಿ ನೋಡಿದವನು. ಕಾಲು ಹೇಗಿದೆ?"

ಮೇಜಿನ ಮೇಲೆ ಖಾಲಿ ಸುರುಳಿಯ ರಟ್ಟಿನ ಉಂಗುರ, ಎರಡು.
ಮೂರನೆಯದನ್ನು ಅವರ ಹೆಜ್ಜೆ ಕೇಳಿದಾಗಲೇ
ಜೇಬಿಗೆ ಹಾಕಿದ್ದೆ. ಯಾಕೆಂದು ಕೇಳಬೇಡಿ.

"ಮೊದಲಿಗಿಂತ ಸ್ವಲ್ಪ ಜಾಸ್ತಿ ಟೇಪು ಹಿಡಿಯುತ್ತೆ," ಅಂದೆ.
"ಎಷ್ಟು?"

ಮುಖವನ್ನು ಹೇಗೋ ಸಂಭಾಳಿಸಿದೆ.
ಜೇಬಿನೊಳಗೆ ಆ ಉಂಗುರವನ್ನು ಹಿಡಿದ ಗೆಣ್ಣು
ಬೆಳ್ಳಗಾಗಿತ್ತೇನೋ.